ಮೂರು ದಿನದ ಕೆಲಸಕ್ಕೆ ಏಳು ದಿನ ಏಕೆ ಹಿಡಿಯುತ್ತದೆ?

ನಮಸ್ಕಾರ. ಮನೆಯಲ್ಲೇ ಕುಳಿತು ಪುಸ್ತಕಗಳ ಪುಟವಿನ್ಯಾಸ ಮಾಡುವ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಪ್ರತಿ ಸಲವೂ ಮೂರು ದಿನದಲ್ಲಿ ಕೊಡುತ್ತೇನೆ ಎನ್ನುತ್ತೇನೆ, ಏಳು ದಿನವಾಗುತ್ತದೆ. ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಹಾಗಾದರೆ ನಾನು ಸೋಮಾರಿಯೇ?"

ಅಲ್ಲ. ಗೌರಿ ಹಬ್ಬದ ಹಿಂದಿನ ವಾರ "ನಾಳೆ ರವಿಕೆ ಸಿದ್ಧ" ಎನ್ನುವ ಟೈಲರ್ ಕೂಡ ಆ ಮಾತನ್ನು ನಂಬಿಯೇ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ ಕೆಲಸಕ್ಕೆ ಹಿಡಿಯುವ ಕಾಲವನ್ನು ಹೀಗೆ ಕಡಿಮೆ ಅಂದಾಜು ಮಾಡುವುದಕ್ಕೆ 1979ರಲ್ಲೇ ಒಂದು ಹೆಸರು ಕೊಟ್ಟರು: ಪ್ಲಾನಿಂಗ್ ಫ್ಯಾಲಸಿ. ನಾವು ಅಂದಾಜಿನ ಭ್ರಮೆ ಎನ್ನೋಣ. ವ್ಯಾಖ್ಯಾನ ಇಷ್ಟು ಸಾಕು, ಏಕೆಂದರೆ ನಾನು ಹೇಳಲೇಬೇಕಾದ ಕಥೆಯೊಂದಿದೆ.

[ಪರದೆಯ ಮೇಲೆ: ಇಸ್ರೇಲ್, 1970ರ ದಶಕ]

ಪ್ರೌಢಶಾಲೆಯ ಮಕ್ಕಳಿಗೆ ನಿರ್ಧಾರ ತೆಗೆದುಕೊಳ್ಳುವುದನ್ನು ಕಲಿಸುವ ಪಠ್ಯಪುಸ್ತಕವೊಂದನ್ನು ಕಾನೆಮನ್ ತಂಡ ಬರೆಯುತ್ತಿತ್ತು. ಸುಮಾರು ಒಂದು ವರ್ಷ, ಪ್ರತಿ ಶುಕ್ರವಾರ ಸೇರಿ ಒಂದೆರಡು ಅಧ್ಯಾಯ ಮುಗಿಸಿದ್ದರು. ಒಂದು ದಿನ ಕಾನೆಮನ್ ಎಲ್ಲರಿಗೂ ಕಾಗದ ಕೊಟ್ಟು, ಪುಸ್ತಕ ಮುಗಿಯಲು ಇನ್ನೆಷ್ಟು ಕಾಲ ಬೇಕು ಎಂದು ಬರೆಯಲು ಹೇಳಿದರು. ಎಲ್ಲ ಉತ್ತರಗಳೂ ಒಂದೂವರೆಯಿಂದ ಎರಡೂವರೆ ವರ್ಷದೊಳಗೇ ಇದ್ದವು.

ತಂಡದಲ್ಲಿ ಸೀಮೋರ್ ಫಾಕ್ಸ್ ಎಂಬ ಪಠ್ಯಕ್ರಮ ತಜ್ಞರಿದ್ದರು. "ನಮ್ಮಂತೆಯೇ ಹೊಸ ಪಠ್ಯ ಬರೆಯಲು ಹೊರಟ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿಯಿತು?" ಎಂದು ಫಾಕ್ಸ್ ಅವರನ್ನು ಕಾನೆಮನ್ ಕೇಳಿದರು. ಫಾಕ್ಸ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಂಕೋಚದಿಂದಲೇ ಹೇಳಿದರು: ಸುಮಾರು ಶೇ. 40ರಷ್ಟು ತಂಡಗಳು ಮುಗಿಸಲೇ ಇಲ್ಲ. ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಬೇಕಾಯಿತು. ಆ ತಂಡಗಳ ಮುಂದೆ ನಾವು ಹೇಗೆ ಎಂದಾಗ, ಸರಾಸರಿಗಿಂತ ತುಸು ಕೆಳಗೆ ಎಂದರು.

ಇಲ್ಲಿ ದಯವಿಟ್ಟು ನಿಲ್ಲಿ. ಕೆಲವೇ ನಿಮಿಷಗಳ ಹಿಂದೆ ಇದೇ ಫಾಕ್ಸ್ ತಮ್ಮ ಚೀಟಿಯಲ್ಲಿ ಬರೆದಿದ್ದ ಅಂದಾಜೂ ಉಳಿದವರ ಹಾಗೆಯೇ ಎರಡು ವರ್ಷದ ಆಸುಪಾಸಿನದು! ಏಳು ವರ್ಷದ ಸತ್ಯವೂ ಎರಡು ವರ್ಷದ ಆಸೆಯೂ ಒಂದೇ ತಲೆಯಲ್ಲಿ, ಅಕ್ಕಪಕ್ಕದ ಮನೆಗಳಂತೆ, ನಡುವೆ ಬಾಗಿಲೇ ಇಲ್ಲದೆ ಇದ್ದವು. "ಬೇರೆಯವರಿಗೆ ಎಷ್ಟು ಹಿಡಿಯಿತು" ಎಂದು ಕೇಳಿದಾಗ ಮಾತ್ರ ಗೋಡೆ ಒಡೆಯಿತು. ಈ ದೃಶ್ಯವನ್ನು ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಗೋಡೆ ಒಡೆದ ಮೇಲೆ ಏನಾಯಿತು? ಸ್ವಲ್ಪ ಹೊತ್ತು ಚರ್ಚೆ ನಡೆಯಿತು, ಆಮೇಲೆ ಏನೂ ಆಗದವರಂತೆ ಎಲ್ಲರೂ ಕೆಲಸ ಮುಂದುವರಿಸಿದರು. ಪುಸ್ತಕ ಮುಗಿಯಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯದ ಉತ್ಸಾಹವೂ ಆರಿಹೋಗಿತ್ತು, ಆ ಪುಸ್ತಕವನ್ನು ಯಾರೂ ಬಳಸಲಿಲ್ಲ. ತಿಳಿದದ್ದೇನೋ ನಿಜ, ಆದರೆ "ಆ ಲೆಕ್ಕ ನಮಗೂ ಸೇರಿದ್ದು" ಎಂದು ಅವರಲ್ಲಿ ಯಾರೂ ಒಪ್ಪಲಿಲ್ಲ. ನಿರ್ಧಾರಗಳನ್ನೇ ಅಧ್ಯಯನ ಮಾಡಿ ಮುಂದೆ 2002ರಲ್ಲಿ ನೊಬೆಲ್ ಪಡೆದ ಕಾನೆಮನ್ ಅವರ ತಂಡದಲ್ಲೇ ಹೀಗಾಯಿತು. ತನ್ನನ್ನು ತಾನು ಅರಿಯುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಎಷ್ಟು ದೂರವಿದೆ ನೋಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನದಲ್ಲಿ ಮುಗಿಯುತ್ತದೆ ಎಂದಿದ್ದರು, ಹಿಡಿದದ್ದು 55.5 ದಿನ. ಹಿಂದೆ ಆದ ತಡಕ್ಕೆ ನಾವು ಪ್ರತಿ ಸಲವೂ ಒಂದು ವಿಶೇಷ ಕಾರಣ ಕೊಡುತ್ತೇವೆ: ಆ ದಿನ ಕರೆಂಟ್ ಹೋಯಿತು, ಆ ವಾರ ಮದುವೆಯಿತ್ತು. ಆದ್ದರಿಂದ ಹಳೆಯ ತಡ ಲೆಕ್ಕಕ್ಕೇ ಬರುವುದಿಲ್ಲ. ತನ್ನನ್ನು ಬೈದುಕೊಂಡರೆ ಸರಿಹೋದೀತೇ? ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ತಪ್ಪನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು.

ಸ್ವಂತ ಕೆಲಸದವರಿಗೆ ಇದು ಹೊಟ್ಟೆಪಾಡಿನ ವಿಷಯ. ಮೂರು ದಿನವೆಂದು 6,000 ರೂಪಾಯಿ ಕೇಳಿದರೆ ದಿನಗೂಲಿ 2,000. ಏಳು ದಿನವಾದರೆ ಅದು 857ಕ್ಕೆ ಇಳಿಯುತ್ತದೆ.

ಪತ್ರ ಬರೆದವರಿಗೆ ನಾನು ಕೇಳಿದ್ದು ಒಂದೇ: ಕಳೆದ ಹತ್ತು ಕೆಲಸಗಳಲ್ಲಿ ಹೇಳಿದ್ದು ಎಷ್ಟು ದಿನ, ಆಗಿದ್ದು ಎಷ್ಟು ದಿನ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕಾರಣ ಬರೆಯಬೇಡಿ. ನಿನ್ನೆ ಉತ್ತರ ಬಂತು. ಹತ್ತರಲ್ಲಿ ಒಂಬತ್ತಕ್ಕೆ ಆರರಿಂದ ಎಂಟು ದಿನ ಹಿಡಿದಿದೆ. ಅದೇ ದಿನ ಸಂಜೆ ಪ್ರಕಾಶಕರೊಬ್ಬರು ಫೋನ್ ಮಾಡಿದಾಗ ಇವರು ನೋಟ್‌ಬುಕ್ ನೋಡಿ "ಎಂಟು ದಿನ ಬೇಕು ಸರ್" ಎಂದರಂತೆ. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಎಂಟನೇ ದಿನ ಖಂಡಿತ ಸಿಗುತ್ತದೆ ತಾನೇ?"