ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಮಗುವಿನ ಜೊತೆ ಯಾರಿದ್ದಾರೆ?

ಶಿಕ್ಷಕ ಮಿತ್ರರೆ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸದಸ್ಯರೆ, ಒಂದು ದಿನದ ಕೂಲಿ ಬಿಟ್ಟು ಬಂದಿರುವ ಪಾಲಕರೆ, ಎಲ್ಲರಿಗೂ ನಮಸ್ಕಾರ.

ವಿಜ್ಞಾನದ ಬಗ್ಗೆ ಹುರಿದುಂಬಿಸುವ ಹಾಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಮ್ಮ ಕೊಪ್ಪಳದ ಮಕ್ಕಳಿಗೆ ಅಂಥ ಮಾತು ಈಗಾಗಲೇ ಜಾಸ್ತಿ ಆಗಿದೆ. ದೊಡ್ಡ ಕನಸು ಕಾಣಿ ಎಂದು ಎಲ್ಲರೂ ಹೇಳಿ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಫಲಿತಾಂಶ ಬಂದ ಮೇಲೆ ಅರ್ಜಿ ಎಲ್ಲಿ ಹಾಕಬೇಕು, ಯಾವ ಸರ್ಟಿಫಿಕೇಟ್ ಬೇಕು, ಹಾಸ್ಟೆಲ್ ಸಿಗುತ್ತದಾ ಎಂದು ಕೂತು ಹೇಳುವವರು ಸಿಗುವುದಿಲ್ಲ. ಹೈಸ್ಕೂಲಿನ ಲೆಕ್ಕದಲ್ಲಿ ಆ ಮಗು ಪಾಸಾಗಿ ಹೋಯಿತು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇನ್ನೂ ಹೆಸರು ಬಂದಿಲ್ಲ. ಆ ನಡುವಿನ ಬೇಸಿಗೆಯಲ್ಲೇ ಎಷ್ಟೋ ಮಕ್ಕಳು ಅಪ್ಪ-ಅವ್ವನ ಜೊತೆ ಗುಳೆ ಬಸ್ಸು ಹತ್ತುತ್ತಾರೆ.

ಅವರಿಗೆ ಬುದ್ಧಿ ಕಡಿಮೆಯಾ? ಕುಷ್ಟಗಿ ಕಡೆ ಹತ್ತಿ ಬೀಜೋತ್ಪಾದನೆಯ ಹೊಲ ನೋಡಿದವರಿಗೆ ಕೈಯಿಂದ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸ ಗೊತ್ತು. ನಾಳೆ ಅರಳುವ ಮೊಗ್ಗನ್ನು ಸಂಜೆಯೇ ಗುರುತು ಹಿಡಿಯಬೇಕು. ಉಗುರಿನಿಂದ ಎಸಳು, ಕೇಸರ ಬಿಡಿಸಬೇಕು. ನಡುವಿನ ಹೆಣ್ಣು ಭಾಗ, ಅಂದರೆ ಶಲಾಕೆಗೆ ಗಾಯ ಆಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಪರಾಗ ಹಚ್ಚಬೇಕು. ತಡ ಮಾಡಿದರೆ ಕಾಯಿ ಕಟ್ಟುವುದಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡ ಹುಡುಗಿ ಹತ್ತನೇ ತರಗತಿಯಲ್ಲಿ ಹೂವಿನ ಚಿತ್ರದ ಭಾಗಗಳನ್ನು ಬಾಯಿಪಾಠ ಮಾಡುತ್ತಾಳೆ. ಎರಡೂ ಒಂದೇ ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ. ಶಾಲೆ ಬಿಡಿಸಿ ಮಕ್ಕಳನ್ನು ಆ ಕೆಲಸಕ್ಕೆ ಕಳಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ, ಅದು ಕಾನೂನಿಗೂ ವಿರುದ್ಧ. ಆದರೆ ಹೊಲದಲ್ಲಿ ನೋಡಿ ತಿಳಿದದ್ದು ತರಗತಿಗೆ ಬರಲಿ. ಬಿಎಸ್ಸಿ ಕೃಷಿ ಸೇರಲು ರೈತರ ಮಕ್ಕಳಿಗೆ ಬೇರೆ ಸೀಟುಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಉಪಕರಣ ನೋಡಿ ಗುರುತಿಸಬೇಕು. ಪಟ್ಟಣಗಳಲ್ಲಿ ಇದಕ್ಕೂ ದುಡ್ಡು ಕೊಟ್ಟು ಕೋಚಿಂಗ್ ಹೋಗುತ್ತಾರೆ! ಕೃಷಿ ವಿಶ್ವವಿದ್ಯಾಲಯ ಪಕ್ಕದ ರಾಯಚೂರಿನಲ್ಲೇ ಇದೆ ಅನ್ನುವುದೂ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಇನ್ನೊಂದು ಪಾಠ ನಮ್ಮ ಕಣ್ಣ ಮುಂದೆಯೇ ನಡೆದು ಹೋಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಎರಡನೇ ಬೆಳೆ ಹೋಯಿತು ಅಂತ ಗಂಗಾವತಿಯ ಭತ್ತದ ರೈತರು ತಲೆ ಮೇಲೆ ಕೈ ಹೊತ್ತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ತಾತ್ಕಾಲಿಕ ಗೇಟಾಗಿ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಆ ವಾರ ಇಡೀ ಜಿಲ್ಲೆ ಟಿವಿ ಮುಂದೆ ಕೂತಿತ್ತು. ಎಷ್ಟು ಶಾಲೆಗಳಲ್ಲಿ ಅದು ಪಾಠವಾಯಿತು, ಹೇಳಿ? ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಏಕೆ ಹೆಚ್ಚುತ್ತದೆ, ಕ್ರೇನಿಗೆ ತೂಗುಬಿಟ್ಟ ಅಷ್ಟು ಭಾರದ ಉಕ್ಕನ್ನು ಹರಿವ ನೀರು ಹೇಗೆ ತಳ್ಳುತ್ತದೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಒಂಬತ್ತನೇ ತರಗತಿಯವರನ್ನು ಆ ಅಣೆಕಟ್ಟೆ ಪಕ್ಕದ ಮುನಿರಾಬಾದಿಗೆ ಕರೆದುಕೊಂಡು ಹೋಗಿ. ಬರೀ ಗಾರ್ಡನ್ ತೋರಿಸಿ ವಾಪಸ್ ಬರಬೇಡಿ. ಗೇಟು ಎತ್ತುವುದು ಹೇಗೆ, ನೀರಿನ ಮಟ್ಟ ಅಳೆಯುವುದು ಹೇಗೆ ಅಂತ ಅಲ್ಲಿ ಕೆಲಸ ಮಾಡುವವರ ಬಾಯಿಂದಲೇ ಕೇಳಿಸಿ.

ಅಂಥ ಕೆಲಸಕ್ಕೆ ವೆಲ್ಡರ್ ಬೇಕು, ಕ್ರೇನ್ ನಡೆಸುವವರು ಬೇಕು, ಅಳತೆ ನೋಡುವವರು ಬೇಕು. ನಮ್ಮಲ್ಲಿ ತಂತ್ರಜ್ಞಾನ ಅಂದರೆ ಒಂದೋ ಡಾಕ್ಟರ್, ಇಲ್ಲಾ ಸಾಫ್ಟ್‌ವೇರ್ ಇಂಜಿನಿಯರ್ ಅನ್ನುವಂತಾಗಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ 3 ವರ್ಷ ಡಿಪ್ಲೊಮಾ ಓದಬಹುದು. ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮನೆಗೆ ಬೇಗ ದುಡಿಮೆ ಬೇಕಾದ ಮಗುವಿಗೆ ನಾನು ಪಿಯುಸಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಡಿಪ್ಲೊಮಾ ದಡ್ಡರಿಗೆ ಅಂತ ಸ್ಟಾಫ್‌ರೂಮಿನಲ್ಲಿ ನಾವೇ ಹಬ್ಬಿಸಿದ ಮಾತು ಇದೆಯಲ್ಲ, ಅದನ್ನು ದಯವಿಟ್ಟು ನಿಲ್ಲಿಸೋಣ.

ಪಿಯುಸಿ ಸೈನ್ಸ್‌ಗೆ ಹೋಗುವವರ ಭಯ ಬೇರೆ. "ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತೈತಂತ್ರೀ ಸರ್, ನಮಗ ಆಗಂಗಿಲ್ರೀ." ಭಯ ಸುಳ್ಳಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿ ಒಮ್ಮೆಲೇ ಇಂಗ್ಲಿಷಿನ ಫಿಸಿಕ್ಸ್ ಪುಸ್ತಕ ಹಿಡಿದರೆ ಯಾರಿಗಾದರೂ ಕಷ್ಟವೇ. ಮೊದಲ ಆರು ತಿಂಗಳು ದಾಟಿದವರು ಸಾಮಾನ್ಯವಾಗಿ ಓದಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ, ನಾನು ಕಂಡ ಮಟ್ಟಿಗೆ. ಒಂಬತ್ತನೇ ತರಗತಿಯಿಂದಲೇ ಬೋರ್ಡಿನ ಒಂದು ಮೂಲೆಯಲ್ಲಿ ವಿಜ್ಞಾನದ ಪದಗಳ ಇಂಗ್ಲಿಷ್ ಹೆಸರನ್ನೂ ಬರೆಯಿರಿ, ಸಾಕು. ಪಿಯು ಉಪನ್ಯಾಸಕರು ಮೊದಲ ಕಿರುಪರೀಕ್ಷೆಯ ಅಂಕ ನೋಡಿ "ಆರ್ಟ್ಸ್‌ಗೆ ಹೋಗು" ಅನ್ನದಿದ್ದರೆ ಇನ್ನೂ ಒಳ್ಳೆಯದು.

ಈಗ ಕಾಗದಪತ್ರದ ಮಾತು. ಬೇಸರ ಮಾಡಿಕೊಳ್ಳಬೇಡಿ, ಸೀಟು ತಪ್ಪುವುದು ಇಲ್ಲೇ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸೇರಿತು. ಅದರಿಂದಾಗಿ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ಭಾಗದಲ್ಲಿ ಶೇ 8ರಷ್ಟು ಸೀಟು ಇಲ್ಲಿಯವರಿಗೆ ಮೀಸಲು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಇದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಸರ್ಟಿಫಿಕೇಟ್. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಓಡಾಟ ಶುರು. ಅದನ್ನು ಸರಿ ಮಾಡಿಸಲು ಕೌನ್ಸೆಲಿಂಗ್‌ವರೆಗೆ ಕಾಯಬೇಡಿ, ಒಂಬತ್ತನೇ ತರಗತಿಯಲ್ಲೇ ಮಾಡಿಸಿ.

ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬೇಡಿ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗಿರಬೇಕು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಬಸ್ ಪಾಸ್, ಪುಸ್ತಕ, ಒಂದು ಜೊತೆ ಚಪ್ಪಲಿ ಅದರಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯ, ಹುಡುಗಿಯನ್ನು ಇನ್ನೆರಡು ವರ್ಷ ಓದಿಸಿ ಎಂದು ಅಪ್ಪನ ಹತ್ತಿರ ಕೇಳಲು ನಮಗೂ ಒಂದು ಆಧಾರ ಸಿಗುತ್ತದೆ.

ನಾನು ಕೇಳುವುದು ಇಷ್ಟು. ಪ್ರತಿ ಹೈಸ್ಕೂಲಿನಲ್ಲೂ ಒಬ್ಬರು ಶಿಕ್ಷಕರು ಈ ಸಲದ ಹತ್ತನೇ ತರಗತಿ ಮಕ್ಕಳ ಫೋನ್ ನಂಬರ್ ಇಟ್ಟುಕೊಳ್ಳಲಿ. ಡಿಸೆಂಬರ್‌ವರೆಗೆ ತಿಂಗಳಿಗೊಮ್ಮೆ ಕರೆ ಮಾಡಲಿ. ಕಾಲೇಜಿಗೆ ಹೋಗುತ್ತಿದ್ದೀಯಾ, ಹಾಸ್ಟೆಲ್ ಸಿಕ್ಕಿತಾ, ಯಾವ ವಿಷಯ ತಲೆಗೆ ಹೋಗುತ್ತಿಲ್ಲ ಎಂದು ಕೇಳಲಿ. ನಮ್ಮ ಕಾಲೇಜಿನ ಲ್ಯಾಬ್ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ಹೈಸ್ಕೂಲ್ ಮಕ್ಕಳನ್ನು ಕರೆತರುವುದಾದರೆ ಮುಖ್ಯ ಶಿಕ್ಷಕರು ಇವತ್ತೇ ನನಗೆ ದಿನ ಹೇಳಿ ಹೋಗಿ.

ಇನ್ನು ಪಾಲಕರು ಕೇಳಬಹುದು. ಹಾಸ್ಟೆಲ್ ವಿಷಯದಿಂದಲೇ ಶುರು ಮಾಡೋಣ, ಬೆಳಿಗ್ಗೆಯಿಂದ ಜಾಸ್ತಿ ಜನ ಅದನ್ನೇ ಕೇಳುತ್ತಿದ್ದಾರೆ.