ಕೊಟ್ಟ ಪದ, ಕಂಡ ವಸ್ತು

ಕೇಳುಗರಿಗೆ ನಮಸ್ಕಾರ. ವಾರಕ್ಕೊಂದು ಪದ ಕೊಟ್ಟು ಕವಿತೆ ಬರೆಸುವ ವಾಟ್ಸ್‌ಆ್ಯಪ್ ಬಳಗಗಳಿಗೆ ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಈಗ ಬರವಿಲ್ಲ. ಸೋಮವಾರ ಪದ ಬರುತ್ತದೆ, ಶನಿವಾರದೊಳಗೆ ಕವಿತೆ ಹೋಗಬೇಕು. ಇದನ್ನು ಹೊಸ ಕಾಲದ ಹುಚ್ಚೆಂದು ಹಳಿಯುವವರು ತುಂಬಿದ ಸಭೆಯಲ್ಲಿ ಆಶುಕವಿತೆ ಕಟ್ಟುವ ಅವಧಾನ ಕಲೆಯ ಸಮಸ್ಯಾಪೂರಣವನ್ನು ನೆನೆಯಬೇಕು. ಅಲ್ಲಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅಸಂಬದ್ಧವೆನಿಸುವ ಒಂದು ಸಾಲನ್ನು ಒಡ್ಡುತ್ತಾರೆ, ಅವಧಾನಿಯು ಉಳಿದ ಸಾಲುಗಳನ್ನು ಸಭೆಯಲ್ಲಿಯೇ ಕಟ್ಟಿ ಅದಕ್ಕೆ ಅರ್ಥ ಕೂಡಿಸುತ್ತಾನೆ. ಆದ್ದರಿಂದ ಪದ ಹೊರಗಿನಿಂದ ಬಂದರೆ ದೋಷವಿಲ್ಲ. ಆ ಪದವನ್ನೇ ವರ್ಣಿಸುತ್ತ ಕುಳಿತರೆ ದೋಷ. ಪದವನ್ನು ಬಿಡಿ, ಅದು ನಿಮಗೆ ನೆನಪಿಸಿದ ಒಂದು ವಸ್ತುವನ್ನು ಹಿಡಿಯಿರಿ.

ನಾನು ಕವಿತೆಗಳನ್ನು ನೋಡಿಕೊಡುವ ಬಳಗದಲ್ಲಿ ಒಮ್ಮೆ ‘ಕೆಂಪು’ ಎಂಬ ಪದ ಕೊಟ್ಟಿದ್ದೆವು. ಸೂರ್ಯೋದಯ, ಕುಂಕುಮ, ಕ್ರಾಂತಿ, ಗುಲಾಬಿ ಎಲ್ಲವೂ ಬಂದವು; ಓದುವ ಮೊದಲೇ ಓದಿ ಮುಗಿದಂತಿದ್ದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ಎಂಟು ಸಾಲು ಕಳಿಸಿದ್ದರು. ಸಂಜೆ ಎಷ್ಟು ತೊಳೆದರೂ ಬೆರಳಿನ ಉರಿ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೂಸಿನ ಕಣ್ಣಿಗೆ ಎಲ್ಲಿ ತಾಗೀತೋ ಎಂದು, ಅದನ್ನು ಮೊಣಕೈಗಳಿಂದಲೇ ಅವಚಿಕೊಂಡು ಮಲಗಿಸುತ್ತಾರೆ. ಅದರ ಮೂಗು ಒರೆಸಲು ಅತ್ತೆಯನ್ನು ಕೂಗುತ್ತಾರೆ. ಕವಿತೆ ಅಷ್ಟೇ. ‘ಕೆಂಪು’ ಎಂಬ ಪದ ಅದರಲ್ಲಿ ಒಮ್ಮೆಯೂ ಇರಲಿಲ್ಲ. ವಿಷಯ ಬಿಟ್ಟು ಬರೆದಿದ್ದಾರೆಂದು ಹಿರಿಯರೊಬ್ಬರು ತಕರಾರು ತೆಗೆದರು. ಇಂಥ ತಕರಾರಿಗೆ ನನ್ನ ತಾಳ್ಮೆ ಸಾಲದು. ಬ್ಯಾಡಗಿ ಕಾಯಿ ಹೆಸರಾದದ್ದೇ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಆ ಬಣ್ಣಕ್ಕಾಗಿ ಯಾರ ಕೈ ಉರಿಯುತ್ತದೆಂದು ಹೇಳಿದ ಮೇಲೆ ವಿಷಯ ಬಿಟ್ಟದ್ದೆಲ್ಲಿ? ಆಕೆ ಪದವನ್ನು ಬಿಟ್ಟರು, ವಸ್ತುವನ್ನು ಹಿಡಿದರು.

ಛಂದಸ್ಸಿನ ವಿಚಾರಕ್ಕೆ ಸಮಯ ಉಳಿದಿಲ್ಲ. ಆಸಕ್ತರು ಕುಮಾರವ್ಯಾಸ ಬಳಸಿದ ಆರು ಸಾಲಿನ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗತಿಯನ್ನು ಗಟ್ಟಿಯಾಗಿ ಓದಿ ಕಿವಿಗೆ ರೂಢಿಸಿಕೊಳ್ಳಲಿ. ಶನಿವಾರದ ಗಡುವು ಬಿಗಿಯಾಯಿತೆನ್ನುವವರಿಗೆ, ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವತನಕ ಮಾತ್ರ ಬರೆಯುತ್ತಿದ್ದನೆಂಬ ಪ್ರತೀತಿಯನ್ನು ನೆನಪಿಸುತ್ತೇನೆ. ಇನ್ನು ಇತರರ ಕವಿತೆಗೆ ಕೈಮುಗಿದ ಚಿತ್ರವನ್ನಷ್ಟೇ ಕಳಿಸುವ ರೂಢಿಯನ್ನು ದಯವಿಟ್ಟು ಬಿಡಿ. ಯಾವ ಸಾಲು ಹಿಡಿಸಿತು, ಯಾವ ಸಾಲಿನಲ್ಲಿ ಬರಿಯ ಪದವಿದ್ದು ವಸ್ತುವಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ತಿಳಿಸಿ. ನಮಸ್ಕಾರ.