ಮೂಗುತಿ ಬೇಡುವ ಯುದ್ಧವಿಮಾನ

“ಇಷ್ಟು ದೊಡ್ಡ ವಿಮಾನಕ್ಕೆ ಬ್ಯಾಟರಿಯೇ? ಅದೂ ಯುದ್ಧವಿಮಾನಕ್ಕೆ?” ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಫೊಕ್ಕೆವುಲ್ಫ್ 190ರ ನನ್ನ ರೇಡಿಯೊ ನಿಯಂತ್ರಿತ ಮಾದರಿಯಿಂದ 50 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿ ವಿದ್ಯುತ್ ಮೋಟಾರು ಕೂರಿಸಿದ ದಿನದಿಂದ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಮದುವೆಮನೆಯಲ್ಲಿ ವಾಲಗದವರನ್ನು ಕಳುಹಿಸಿ ಮೊಬೈಲಿನಲ್ಲಿ ಹಾಡು ಹಾಕಿದವನನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ಎಲ್ಲರಿಗೂ ಇಂದು ಒಟ್ಟಿಗೇ ಉತ್ತರ ಹೇಳಿಬಿಡುತ್ತೇನೆ.

ವಿದ್ಯುತ್ತಿಗೆಂದೇ ಹುಟ್ಟಿದ ಯುದ್ಧವಿಮಾನ ಎಂದು ಒಂದನ್ನು ಆರಿಸುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಆ ಕಾಲದ ಎಷ್ಟೋ ವಿಮಾನಗಳು ಚಕ್ರ ಮಡಚಲು ಹೈಡ್ರಾಲಿಕ್ ಎಣ್ಣೆಯನ್ನು ನಂಬಿಕೊಂಡಿದ್ದಾಗ, ಇದರ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಚಕ್ರಕ್ಕೂ ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳಿಗೂ ಬಾಲದ ಟ್ರಿಮ್ಮಿಗೂ (ಸಮತೋಲ ಹೊಂದಿಸುವ ವ್ಯವಸ್ಥೆಗೂ) ವಿದ್ಯುತ್ ಮೋಟಾರು ಕೂರಿಸಿತು. ಅದರ ಬಿಎಂಡಬ್ಲ್ಯು 801 ಎಂಜಿನ್ನಿಗೆ ಒಂದೇ ಲಿವರ್. ಪೈಲಟ್ ಅದನ್ನು ಮುಂದೆ ತಳ್ಳಿದರೆ ಸಾಕು, ಇಂಧನದ ಮಿಶ್ರಣ, ಪ್ರೊಪೆಲ್ಲರಿನ ಕೋನ, ಎಂಜಿನ್ನಿಗೆ ಗಾಳಿ ಒತ್ತುವ ಸೂಪರ್‌ಚಾರ್ಜರ್ ಎಲ್ಲವನ್ನೂ ಒಂದು ಯಂತ್ರವೇ ಹೊಂದಿಸಿಕೊಳ್ಳುತ್ತಿತ್ತು. ನಮ್ಮ ಬ್ರಷ್‌ಲೆಸ್ ವಿದ್ಯುತ್ ಮೋಟಾರಿಗೆ ಬ್ಯಾಟರಿಯ ಶಕ್ತಿಯನ್ನು ಅಳೆದು ಕೊಡುವ ವೇಗ ನಿಯಂತ್ರಕ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಅಂದ ಹಾಗೆ, ಟ್ಯಾಂಕ್ ನಮಗೆ ಹೊರಗಿನವರಲ್ಲ. 1956ರಲ್ಲಿ ಅವರು ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ಅವರ ತಂಡ ವಿನ್ಯಾಸಗೊಳಿಸಿದ ಯುದ್ಧ ಜೆಟ್ ಮಾರುತ್ 1961ರ ಜೂನ್ 17ರಂದು ಹಾರಿತು. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಆ ಜೆಟ್ಟಿನ ಪಕ್ಕದಲ್ಲಿ ಫೋಟೊ ತೆಗೆಸಿಕೊಂಡವರಿಗೆ, ಅದರ ಜನಕನೇ ಈ 190ರ ಜನಕನೆಂದರೆ ಅಚ್ಚರಿಯಾಗುತ್ತದೆ.

ಇನ್ನು ಲೆಕ್ಕ. ನನ್ನ ಮಾದರಿ ಮೂಲದ ಐದನೇ ಒಂದು ಭಾಗ: ರೆಕ್ಕೆಯ ಉದ್ದ 2.1 ಮೀಟರ್, ತೂಕ ಸುಮಾರು 10 ಕಿಲೊ. ಕಿಲೊಗೆ 300 ವ್ಯಾಟ್ ಹಿಡಿದರೆ 3,000 ವ್ಯಾಟ್ ಬೇಕು. 6 ಸೆಲ್ಲಿನ ಎರಡು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 44.4 ವೋಲ್ಟ್, ಆಗ ಹರಿಯುವುದು 68 ಆಂಪಿಯರ್ ಆಸುಪಾಸು. 5,000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಬ್ಯಾಟರಿ ಈ ವೇಗದಲ್ಲಿ ನಾಲ್ಕೂವರೆ ನಿಮಿಷವೂ ಬಾಳುವುದಿಲ್ಲ. ಏರಿದ ಮೇಲೆ ಅರ್ಧ ಥ್ರಾಟಲ್ ಸಾಕಾಗುತ್ತದೆ ಎಂಬ ಧೈರ್ಯದಲ್ಲಿ ನಾನು ಗಡಿಯಾರವನ್ನು 6 ನಿಮಿಷಕ್ಕೆ ಇಡುತ್ತೇನೆ. ಅರ್ಧ ಲೀಟರ್ ಪೆಟ್ರೋಲಿನಲ್ಲಿ ಇದರ ದುಪ್ಪಟ್ಟಿಗಿಂತ ಹೆಚ್ಚು ಹೊತ್ತು ಹಾರಿಸುತ್ತಿದ್ದೆ. ಈ ವಾದದಲ್ಲಿ ಪೆಟ್ರೋಲಿನವರು ಗೆದ್ದರು, ಒಪ್ಪಿದೆ.

ಆದರೆ ಮೋಟಾರು ಎಷ್ಟು ವ್ಯಾಟಿನದು, ಯಾವ ಕಂಪನಿಯದು ಎಂದು ವಾರಗಟ್ಟಲೆ ಚರ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲಸ ಕೆಡುವುದು ಅಲ್ಲಲ್ಲ, ತೂಕದಲ್ಲಿ. ಎಂಜಿನ್, ಸೈಲೆನ್ಸರ್, ಇಗ್ನಿಷನ್ ಎಲ್ಲ ಇಳಿಸಿ ಮೋಟಾರು ಕೂರಿಸಿದಾಗ ಮೂಗು ಹಗುರಾಯಿತು. ಪೆಟ್ರೋಲ್ ಟ್ಯಾಂಕಿದ್ದ ಗೂಡಿನಲ್ಲೇ ಬ್ಯಾಟರಿಗಳನ್ನು ತುರುಕಿ, ರೆಕ್ಕೆಯ ಕೆಳಗೆ ಗುರುತ್ವಕೇಂದ್ರ ಇರಬೇಕಾದ ಗುರುತಿಗೆ ಎರಡು ಬೆರಳು ಕೊಟ್ಟು ಎತ್ತಿದೆ. ಬಾಲ ಧೊಪ್ಪೆಂದು ಮೇಜಿಗೆ ಬಡಿಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವೆ; ಇಲ್ಲಿ ಮೂಗಿಗೆ ಭಾರದ ಮೂಗುತಿಯೇ ಬೇಕಾಗಿತ್ತು.

ಸೀಸ ಕಟ್ಟು ಎಂದರು ಹಲವರು. ಒಂದೂವರೆ ಕಿಲೊ ಬ್ಯಾಟರಿ ಕೈಯಲ್ಲಿರುವಾಗ ಸೀಸವೇಕೆ? ಬ್ಯಾಟರಿಯೇ ಮೂಗುತಿಯಾಗಲಿ. ಮೋಟಾರಿನ ಹಿಂದಿನ ಅಡ್ಡಹಲಗೆಯಾದ ಫೈರ್‌ವಾಲನ್ನು ಕೊರೆದು, ಹೊಸ ಪ್ಲೈವುಡ್ ಪೆಟ್ಟಿಗೆ ಕಟ್ಟಿ, ಎರಡೂ ಬ್ಯಾಟರಿಗಳನ್ನು ಮೋಟಾರಿನ ಬೆನ್ನಿಗೆ ತಾಗುವಷ್ಟು ಮುಂದೆ ಜಾರಿಸಿದೆ. ಟ್ಯಾಂಕ್ ಅವರಿಗೂ ಇದೇ ತಲೆನೋವು ಬಂದಿತ್ತು, ತಿರುಗುಮುರುಗಾಗಿ. ಮೊದಲ ಎಂಜಿನ್ನಿಗಿಂತ ಭಾರವಾದ 801 ಬಂದಾಗ ಅವರು ಸಮತೋಲಕ್ಕಾಗಿ ಕಾಕ್‌ಪಿಟ್ಟನ್ನೇ ಹಿಂದಕ್ಕೆ ಸರಿಸಿದರು.

ಇದರಿಂದ ನಾನು ಎಣಿಸದ ಲಾಭವೊಂದು ಸಿಕ್ಕಿತು. ಪೆಟ್ರೋಲ್ ಖಾಲಿಯಾದಂತೆ ಗುರುತ್ವಕೇಂದ್ರ ಹಿಂದೆ ಸರಿಯುತ್ತಿತ್ತು. ಬ್ಯಾಟರಿ ತುಂಬಿದರೂ ಬರಿದಾದರೂ ತೂಕ ಒಂದೇ. ವಿಮಾನದ ಸ್ವಭಾವ ಆರು ನಿಮಿಷವೂ ಬದಲಾಗುವುದಿಲ್ಲ. ಇಳಿಯುವಾಗಲೂ ಅಷ್ಟೇ ಭಾರ ಇರುತ್ತದೆ, ಆ ಮಾತು ಬೇರೆ. ಈ ವಿಮಾನದ ರೆಕ್ಕೆ ಚಿಕ್ಕದು; ವೇಗ ತಗ್ಗಿಸಿದರೆ ಮುನ್ಸೂಚನೆ ಕೊಡದೆ ಒಂದು ಪಕ್ಕಕ್ಕೆ ಉರುಳುತ್ತದೆ.

ಎರಡನೇ ಪಾಠವನ್ನು ರಾಗಿ ಹೊಲದಲ್ಲಿ ಕಲಿತೆ. ಮೂರನೇ ಹಾರಾಟದ ನಡುವೆ ಕಾದುಹೋದ ವೇಗ ನಿಯಂತ್ರಕ ತಾನಾಗಿಯೇ ಶಕ್ತಿ ಕಡಿತ ಮಾಡಿತು. ತಪ್ಪು ಪೂರ್ತಿ ನನ್ನದು. ಗಾಳಿ ಒಳಗೆ ಬರಲು ದೊಡ್ಡ ಬಾಯಿ ಬಿಟ್ಟಿದ್ದೆ, ಹೊರಹೋಗಲು ದಾರಿ ಬಿಟ್ಟಿರಲಿಲ್ಲ. 1939ರಲ್ಲಿ ಇದೇ ವಿಮಾನದ ಮೊದಲ ಹಾರಾಟದಲ್ಲಿ ಕಾಕ್‌ಪಿಟ್ 55 ಡಿಗ್ರಿವರೆಗೆ ಕಾದು ಪರೀಕ್ಷಾ ಪೈಲಟ್ ಬೆಂದಿದ್ದರು. 801ರ ಮುಂದೆ 12 ಎಲೆಗಳ ಫ್ಯಾನ್ ಬಂದು ಕೂತದ್ದು ಎಂಜಿನ್ನಿನ ಬಿಗಿಯಾದ ಹೊದಿಕೆಯಾದ ಕೌಲಿಂಗಿನೊಳಗೆ ಗಾಳಿ ನುಗ್ಗಿಸಲು. ಈಗ ಕೌಲಿಂಗಿನ ಎರಡೂ ಪಕ್ಕ ಸೀಳು ಮಾಡಿದ್ದೇನೆ. ಹೊರದಾರಿ ಒಳದಾರಿಯ ಎರಡರಷ್ಟಿದೆ.

ಹೆದರಿಕೆಯ ವಿಷಯವನ್ನೂ ಹೇಳಬೇಕು. ಪೆಟ್ರೋಲ್ ಎಂಜಿನ್ ನಿಂತಿದ್ದರೆ ನಿಂತಂತೆ. ವಿದ್ಯುತ್ ಮೋಟಾರು ಹಾಗಲ್ಲ: ಪ್ಲಗ್ ಸೇರಿಸಿದ ಕ್ಷಣದಿಂದ 22 ಇಂಚಿನ ಪ್ರೊಪೆಲ್ಲರ್ ಸದ್ದಿಲ್ಲದೆ ಕಾಯುತ್ತಿರುತ್ತದೆ, ಅಂಗಿಯ ತೋಳು ಥ್ರಾಟಲಿಗೆ ತಾಗಿದರೂ ಸಾಕು. ಬಾಲ ಕಟ್ಟಿಹಾಕದೆ, ಮುಂದಿರುವವರನ್ನು ಸರಿಸದೆ ನಾನು ಪ್ಲಗ್ ಮುಟ್ಟುವುದಿಲ್ಲ. ಮನೆಯೊಳಗಂತೂ ಪ್ರೊಪೆಲ್ಲರ್ ಬಿಚ್ಚದೆ ಪರೀಕ್ಷೆಯೇ ಇಲ್ಲ.

ಕೊನೆಗೆ ಸದ್ದು. “ಯುದ್ಧವಿಮಾನವೆಂದರೆ ಗುಡುಗಬೇಕು” ಎನ್ನುತ್ತಾರೆ. 14 ಸಿಲಿಂಡರುಗಳ, 41.8 ಲೀಟರಿನ 801 ಗುಡುಗುತ್ತಿತ್ತು, ನಿಜ. ನನ್ನ ಒಂಟಿ ಸಿಲಿಂಡರಿನ ಎರಡು ಸ್ಟ್ರೋಕ್ ಎಂಜಿನ್ ಕೂಗುತ್ತಿದ್ದುದು ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರದ ದನಿಯಲ್ಲಿ. ಅದನ್ನೇ ಯುದ್ಧದ ಸದ್ದೆಂದು ಇಷ್ಟು ವರ್ಷ ನಂಬಿದ್ದೆವಲ್ಲ! ಸ್ಪೀಕರ್ ಇಟ್ಟು ನಕಲಿ ಗರ್ಜನೆ ಹೊರಡಿಸುವ ಪೆಟ್ಟಿಗೆಗಳೂ ಸಿಗುತ್ತವೆ, ನನಗೆ ಬೇಡ. ಈಗ ತಗ್ಗಿ ಹಾಯುವಾಗ ಪ್ರೊಪೆಲ್ಲರ್ ಗಾಳಿ ಸೀಳುವುದು ಕೇಳಿಸುತ್ತದೆ. ನಡುಕ ನಿಂತಿರುವುದರಿಂದ ಕಾಕ್‌ಪಿಟ್ಟಿನಲ್ಲಿ ಅಂಟಿಸಿದ ಪುಟ್ಟ ಮೀಟರುಗಳು ಉದುರುತ್ತಿಲ್ಲ, ಹೊಟ್ಟೆಯಡಿ ಎಣ್ಣೆಯ ಜಿಡ್ಡಿಲ್ಲ.

ಹಳೆಯ ಎಂಜಿನ್ ಮಾರುತ್ತೀರಾ ಎಂದು ಮೂವರು ಕೇಳಿದ್ದಾರೆ. ಮಾರುವುದಿಲ್ಲ. ದಿನವಿಡೀ ಗ್ಲೈಡರುಗಳನ್ನು ಎಳೆದು ಏರಿಸುವ ವಿಮಾನವೊಂದನ್ನು ಕಟ್ಟುತ್ತಿದ್ದೇನೆ, ಅದಕ್ಕೆ ಪೆಟ್ರೋಲೇ ಸರಿ.